ಅತ್ತೆಗೆ ಹೇಳಿದ ಸಿನಿಮಾ

ಫೆಬ್ರವರಿ ೨, ಭಾನುವಾರ

ಕಂಪನಿಯವರು ಕೊಟ್ಟ ಡೈರಿ ಒಂದು ತಿಂಗಳಿಂದ ಮೇಜಿನ ಮೇಲೆ ಬಿದ್ದಿತ್ತು. ಹೊದಿಕೆಯ ಮೇಲೆ ಲಿಫ್ಟಿನ ಚಿತ್ರ, ಅದರ ಕೆಳಗೆ ‘ನಿಮ್ಮನ್ನು ಮೇಲೆತ್ತುವುದೇ ನಮ್ಮ ಕೆಲಸ’ ಎಂದು ಬರೆದಿದೆ. ಇಷ್ಟು ವರ್ಷ ಲಿಫ್ಟ್ ರಿಪೇರಿ ಮಾಡಿದ ನನ್ನನ್ನು ಕಂಪನಿ ಯಾವತ್ತೂ ಮೇಲೆತ್ತಿದ್ದು ನೆನಪಿಲ್ಲ. ಇರಲಿ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲದ ಮೇಲೆ ಬರೆಯುವುದೇ ವಾಸಿ ಅನ್ನಿಸಿ ಶುರು ಮಾಡಿದ್ದೇನೆ.

ಯಾರೂ ಇಲ್ಲ ಎನ್ನುವುದು ನಾಳೆಯವರೆಗೆ ಮಾತ್ರ. ನಾಳೆ ಅತ್ತೆ ಬರುತ್ತಾರೆ. ಅವರ ಬಲಗಣ್ಣಿನ ಹಿಂದಿನ ಪರದೆ ಕಿತ್ತುಕೊಂಡು ಬಂದಿದೆಯಂತೆ, ಆಪರೇಷನ್ ಆಗಬೇಕು, ದೊಡ್ಡ ಕಣ್ಣಾಸ್ಪತ್ರೆ ಇರುವುದು ಈ ಊರಿನಲ್ಲಿ. ಎಡಗಣ್ಣಿಗೆ ಮೊದಲೇ ಪೊರೆ. ಭಾವಮೈದ ಫೋನ್ ಮಾಡಿ, “ಬಾವ, ನನಗೆ ರಜೆ ಸಿಗ್ತಿಲ್ಲ. ಒಂದು ತಿಂಗಳು ಅಮ್ಮನ್ನ ನೋಡ್ಕೊಳ್ಳಿ, ಆಮೇಲೆ ನಾನೇ ಬಂದು ಕರ್ಕೊಂಡು ಹೋಗ್ತೀನಿ” ಅಂದ. ಹೆಂಡತಿ ಇದ್ದಿದ್ದರೆ ಇದು ಕೇಳಬೇಕಾದ ಮಾತೇ ಆಗಿರಲಿಲ್ಲ. ಕಳೆದ ಮಳೆಗಾಲದಲ್ಲಿ ಅವಳು ಹೋದಳು. ಬೆಳಗಿನ ಹೊತ್ತು. ನೋವಾಗಲಿಲ್ಲ.

ಮಗಳಿಲ್ಲದ ಮನೆಯಲ್ಲಿ ಅತ್ತೆ ಅಳಿಯ ಇಬ್ಬರೇ ಕೂತು ಏನು ಮಾತಾಡುವುದು? ಮದುವೆಯಾಗಿ ಇಷ್ಟು ವರ್ಷವಾದರೂ ಅವರು ನನ್ನನ್ನು ‘ನೀವು’ ಅಂತಲೇ ಕರೆಯುತ್ತಾರೆ. ಅದು ಗೌರವವೋ, ದೂರ ಇಡುವ ಉಪಾಯವೋ ಇವತ್ತಿಗೂ ಬಗೆಹರಿದಿಲ್ಲ.

ಫೆಬ್ರವರಿ ೬, ಗುರುವಾರ

ನಿನ್ನೆ ಆಪರೇಷನ್ ಆಯಿತು. ಡಾಕ್ಟರಮ್ಮ ಕಾಗದದ ಮೇಲೆ ಕಣ್ಣಿನ ಚಿತ್ರ ಬರೆದು ವಿವರಿಸಿದರು. ಕಣ್ಣೊಳಗೆ ಒಂದು ಗಾಳಿಯ ಗುಳ್ಳೆ ಬಿಟ್ಟಿದ್ದಾರೆ. ಅದು ತೇಲಿ ಹೋಗಿ, ಕಿತ್ತುಕೊಂಡ ಪರದೆಯನ್ನು ಅದರ ಜಾಗಕ್ಕೆ ಒತ್ತಿ ಹಿಡಿಯಬೇಕು. ಅದಕ್ಕಾಗಿ ಅತ್ತೆ ಎರಡು ವಾರ ಮುಖ ಕೆಳಗೆ ಹಾಕಿಕೊಂಡೇ ಇರಬೇಕು. ಕೂತಾಗಲೂ, ಮಲಗಿದಾಗಲೂ. ನನಗೆ ತಕ್ಷಣ ಅರ್ಥವಾಯಿತು. ಲಿಫ್ಟಿನ ಹಳಿ ಕೂರಿಸುವಾಗ, ನೆಟ್ಟಗಿದೆಯೋ ಇಲ್ಲವೋ ಅಂತ ದಿನಾ ನೋಡುವ ರಸಮಟ್ಟದ ಗುಳ್ಳೆಯೇ ಇದು.

“ಈ ವಯಸ್ಸಲ್ಲಿ ತಲೆ ತಗ್ಗಿಸೋ ಹಾಗಾಯ್ತು ನೋಡಿ” ಅಂದರು ಅತ್ತೆ. ನಗಬೇಕೋ ಬೇಡವೋ ತಿಳಿಯಲಿಲ್ಲ.

ಸಂಜೆ ಚಹಾ ಕೊಟ್ಟೆ. ಸ್ಟ್ರಾ ಹಾಕಿ ಕುಡಿದರು. ಕುಡಿದು ಮುಗಿಸಿ, ನೆಲಕ್ಕೆ ಹೇಳುವ ಹಾಗೆ ಕೇಳಿದರು.

“ಅಳಿಯಂದ್ರೇ, ಆವತ್ತು ಬೆಳಗ್ಗೆ ನಾನು ಬಸ್ಸಲ್ಲಿದ್ದೆ. ಅವಳ ಹತ್ರ ಇದ್ದಿದ್ದು ನೀವೊಬ್ರೇ. ಏನಾಯ್ತು?”

“ಬೆಳಗಿನ ಹೊತ್ತು ಹೋದ್ಲು. ನೋವಾಗ್ಲಿಲ್ಲ.”

“ಅಷ್ಟನ್ನ ಫೋನಲ್ಲೇ ಹೇಳಿದ್ರಿ.” ಖಾಲಿ ಲೋಟವನ್ನು ನನ್ನ ಕಡೆ ಚಾಚಿ, “ಪರವಾಗಿಲ್ಲ. ನಾನು ಹೋಗೋದ್ರೊಳಗೆ ಯಾವಾಗ್ಲಾದ್ರೂ ಹೇಳಿ. ಇದೊಂದೇ ನಾನು ಕೇಳೋದು” ಅಂದರು.

ನಾನು ಎದ್ದು ಹೋಗಿ ಪಾತ್ರೆ ತೊಳೆದೆ. ಬಂದವರಿಗೆಲ್ಲ ಹೇಳಿದ್ದು ಇದೇ ಮಾತು. ಇದಕ್ಕಿಂತ ಹೆಚ್ಚಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಫೆಬ್ರವರಿ ೮, ಶನಿವಾರ

ದಿಂಬಿನಲ್ಲಿ ಮುಖ ಹೂತು ಅತ್ತೆಗೆ ಉಸಿರು ಕಟ್ಟುತ್ತದೆ. ಕಂಪನಿಯ ಗೋಡೌನಿನಿಂದ ಪ್ಲೈವುಡ್ ತುಂಡು ತಂದು, ಮುಖ ಕೂರುವಷ್ಟು ದುಂಡಗೆ ಕೊರೆದು, ಅಂಚಿಗೆ ಸ್ಪಂಜು ಸುತ್ತಿ, ನಡುಮನೆಯ ಮೇಜಿನ ತುದಿಗೆ ಬಿಗಿದೆ. ಕುರ್ಚಿಯಲ್ಲಿ ಕೂತು ಮುಂದಕ್ಕೆ ಬಾಗಿ ತೂತಿನಲ್ಲಿ ಮುಖ ಇಟ್ಟರೆ ಆಯಿತು.

“ಹೇಗಿದೆ?” ಅಂತ ಕೇಳಿದೆ.

“ಚೆನ್ನಾಗಿದೆ. ನೆಲ ಒರೆಸಿ ಎಷ್ಟು ದಿನ ಆಯ್ತು?”

“ನಿಮಗೆ ಕಾಣ್ತಿಲ್ವಲ್ಲ ಅತ್ತೆ?”

“ಹೋಗಿರೋದು ಕಣ್ಣು. ಕಾಲಿಗೆ ಗೊತ್ತಾಗಲ್ವಾ?”

ನೆಲ ಒರೆಸಿದೆ. ಮಂಚದ ಕೆಳಗೂ ಒರೆಸಿದೆ. ಅಲ್ಲಿ ಅವಳ ಒಂದು ಚಪ್ಪಲಿ ಸಿಕ್ಕಿತು. ಇನ್ನೊಂದು ಎಲ್ಲಿದೆಯೋ.

ಸೋಮವಾರದಿಂದ ನನಗೆ ಮಧ್ಯಾಹ್ನದವರೆಗೆ ಮಾತ್ರ ಕೆಲಸ. ಬೆಳಗ್ಗೆ ಕಣ್ಣಿಗೆ ಔಷಧ ಹಾಕಲು ಪಕ್ಕದ ಮನೆಯ ನಿವೃತ್ತ ಕಂಪೌಂಡರ್ ಒಪ್ಪಿದ್ದಾರೆ. ಅಳತೆ ಮೀರಿ ಮಾತಾಡುವ ಮನುಷ್ಯ, ಆದರೆ ಅವರ ಕೈ ನಡುಗುವುದಿಲ್ಲ.

ಫೆಬ್ರವರಿ ೧೦, ಸೋಮವಾರ

“ಹಳೇ ಸಿನಿಮಾ ಏನಾದ್ರೂ ಹಾಕ್ತೀರಾ? ನೋಡಕ್ಕಂತೂ ಆಗಲ್ಲ, ಕೇಳ್ತೀನಿ” ಅಂದರು ಅತ್ತೆ.

ಟಿವಿಯ ಮೇಲೆ ಹೊದಿಸಿದ್ದ ಬಟ್ಟೆ ಮಳೆಗಾಲದಿಂದ ಹಾಗೇ ಇತ್ತು. ತೆಗೆದೆ. ಹಳೇ ಸಿನಿಮಾ ಎಂದರೆ ನನಗೆ ನಿದ್ದೆ ಮಾತ್ರೆ. ತಾಯಿ ಮಗಳು ಸೇರಿ ಕಪ್ಪು ಬಿಳುಪಿನದ್ದು ಯಾವುದಾದರೂ ಹಾಕಿಕೊಂಡರೆ ನಾನು ಒಳಗೆ ಹೋಗಿ ಮಲಗುತ್ತಿದ್ದೆ. ಅದರಲ್ಲಿ ಯಾರಾದರೂ ಬಾಗಿಲು ತೆರೆಯಲು ಎದ್ದರೆ, ತೆರೆಯುವಷ್ಟರಲ್ಲಿ ನನ್ನದೊಂದು ನಿದ್ದೆ ಮುಗಿದಿರುತ್ತಿತ್ತು. ಹೊಸ ಸಿನಿಮಾಗಳನ್ನೂ ನಾನು ಫೋನಿನಲ್ಲಿ ಒಂದೂವರೆ ಪಟ್ಟು ವೇಗದಲ್ಲೇ ನೋಡುವುದು. ಹಾಡು ಬಂದರೆ ದಾಟಿಸುವುದು. ಕಥೆ ಗೊತ್ತಾದರೆ ಸಾಕಲ್ಲ.

ಇವತ್ತೂ ಅದೇ ವೇಗ ಹಾಕಿದೆ. ಅತ್ತೆ ಸ್ವಲ್ಪ ಹೊತ್ತು ಕೇಳಿಸಿಕೊಂಡು, “ಇವ್ರೆಲ್ಲ ಯಾಕೆ ಬಸ್ಸು ತಪ್ಪಿಹೋಗೋ ಹಾಗೆ ಮಾತಾಡ್ತಿದ್ದಾರೆ?” ಅಂದರು. ಸರಿ ಮಾಡಿದೆ. ಹಾಡು ದಾಟಿಸಿದೆ. “ಹಾಡೆಲ್ಲಿ ಹೋಯ್ತು?” ಅಂದರು. ಹಿಂದಕ್ಕೆ ತಂದೆ. ಸಿನಿಮಾ ಮುಗಿಯುವ ಹೊತ್ತಿಗೆ ಹೊರಗೆ ಕತ್ತಲಾಗಿತ್ತು. ನನ್ನ ಬದುಕಿನಲ್ಲಿ ಇಷ್ಟು ನಿಧಾನದ ಮಧ್ಯಾಹ್ನ ಬಂದಿರಲಿಲ್ಲ.

ಫೆಬ್ರವರಿ ೧೧, ಮಂಗಳವಾರ

ಮಾತಿಲ್ಲದ ಕಡೆ ಅತ್ತೆಗೆ ಏನೂ ತಿಳಿಯುವುದಿಲ್ಲ. ಹಳೇ ಸಿನಿಮಾದಲ್ಲಿ ಮಾತಿಲ್ಲದ ಕಡೆಗಳೇ ಹೆಚ್ಚು. ಹಾಗಾಗಿ ನಾನು ಹೇಳಬೇಕಾಯಿತು.

“ಗಂಡ ಬಂದ. ಹೆಂಡತಿ ಕೂತಿದ್ದಾಳೆ. ಈಗ ಜಗಳ ಆಗತ್ತೆ. ಕೊನೆಗೆ ಅವಳು ಸಾಯ್ತಾಳೆ, ಫೋನಲ್ಲಿ ಕಥೆ ಓದ್ದೆ.”

“ಅಳಿಯಂದ್ರೇ, ಈ ಸಿನಿಮಾನ ನಾನು ಎಷ್ಟು ಸಲ ನೋಡಿದ್ದೀನೋ ನಂಗೇ ಗೊತ್ತಿಲ್ಲ. ಅವಳು ಸಾಯೋದು ಗೊತ್ತು. ಏನಾಗತ್ತೆ ಅಂತ ಹೇಳ್ಬೇಡಿ. ಹೇಗಾಗತ್ತೆ ಅಂತ ಹೇಳಿ.”

“ಹೇಗೆ ಅಂದ್ರೆ?”

“ಕೂತಿದ್ದಾಳೆ ಅಂದ್ರಲ್ಲ, ಹೇಗೆ ಕೂತಿದ್ದಾಳೆ?”

“ಕುರ್ಚಿ ಮೇಲೆ.”

“ಕುರ್ಚಿ ಬಿಟ್ಟು ಕಿಟಕಿ ಮೇಲೆ ಕೂರ್ತಾಳಾ? ಸರಿಯಾಗಿ ನೋಡಿ ಹೇಳಿ.”

ಸಿಟ್ಟು ಬಂತು. ಆದರೂ ನಿಲ್ಲಿಸಿ ನೋಡಿದೆ. ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಬೆನ್ನು ಒರಗಿಸಿರಲಿಲ್ಲ. ತೊಡೆಯ ಮೇಲೆ ಕೈಚೀಲ, ಅದರ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ತನ್ನ ಮನೆಯಲ್ಲೇ ಯಾರನ್ನೋ ನೋಡಲು ಬಂದವಳ ಹಾಗೆ. ಇದನ್ನೇ ಹೇಳಿದೆ.

“ಹಾಂ” ಅಂದರು ಅತ್ತೆ. “ಹೊರಡೋಳು ಅವಳು. ಅವನಿಗಿನ್ನೂ ಗೊತ್ತಿಲ್ಲ.”

ಅದು ಕಥೆಯಲ್ಲಿ ಇನ್ನೂ ಬಂದಿರಲಿಲ್ಲ. ನಾನು ಫೋನಿನಲ್ಲಿ ಓದಿದ್ದರಲ್ಲೂ ಇರಲಿಲ್ಲ.

ಊಟಕ್ಕೆ ಕೂತಾಗ ನೋಡಿಕೊಂಡೆ. ನಾನೂ ಕುರ್ಚಿಯ ತುದಿಯಲ್ಲೇ ಕೂತಿದ್ದೆ. ಎದುರಿನ ಕುರ್ಚಿಯಲ್ಲಿ, ಅವಳು ಕೂರುತ್ತಿದ್ದ ಕಡೆ, ನನ್ನ ಸ್ಪ್ಯಾನರ್ ಚೀಲ ಇತ್ತು. ತೆಗೆದು ಕೆಳಗಿಟ್ಟೆ. ಖಾಲಿ ಕುರ್ಚಿ ನೋಡಲಾಗದೆ ಮತ್ತೆ ಅಲ್ಲೇ ಇಟ್ಟೆ.

ಫೆಬ್ರವರಿ ೧೨, ಬುಧವಾರ

ಇನ್ನೊಂದು ಸಿನಿಮಾ. ಗಂಟಲು ನೋಯುತ್ತಿದೆ. ಕೆಲಸದಲ್ಲಿ ಇಡೀ ದಿನ ಹತ್ತು ಮಾತಾಡದವನು ನಾನು.

ಫೆಬ್ರವರಿ ೧೪, ಶುಕ್ರವಾರ

ಇವತ್ತಿನದು ದೊಡ್ಡ ಮನೆಯ ಕಥೆ. ಸೊಸೆಯೊಬ್ಬಳು ಕೈಯಲ್ಲಿ ದೀಪ ಹಿಡಿದು, ಮಹಡಿಯ ಮೇಲೆ ಮಲಗಿರುವ ಮಾವನಿಗೆ ಒಂದು ಸುದ್ದಿ ಹೇಳಲು ಮೆಟ್ಟಿಲು ಹತ್ತುತ್ತಾಳೆ. ಹತ್ತುತ್ತಾಳೆ, ಹತ್ತುತ್ತಾಳೆ, ಹತ್ತುತ್ತಲೇ ಇರುತ್ತಾಳೆ.

“ಈ ಮನೇಗೊಂದು ಲಿಫ್ಟ್ ಹಾಕಿಸಿದ್ರೆ ಸಿನಿಮಾ ಅರ್ಧ ಗಂಟೆ ಮೊದಲೇ ಮುಗಿತಿತ್ತು” ಅಂದೆ.

ಅತ್ತೆಯ ಭುಜ ಕುಲುಕಿತು. ನಗುತ್ತಿದ್ದರು. ಅವರ ಮುಖ ಕಾಣದಿರುವುದರಿಂದ ಈಗ ನಾನು ಭುಜ ನೋಡುವುದು ಕಲಿತಿದ್ದೇನೆ. ನಕ್ಕು ಮುಗಿಸಿ ಕೇಳಿದರು.

“ಮೇಲೆ ಹೋಗಿ ಅವಳು ಏನು ಹೇಳ್ಬೇಕು?”

“ನಿಮ್ಮ ಮಗ ಹೋದ ಅಂತ.”

“ನೀವಾಗಿದ್ರೆ ಎಷ್ಟು ಬೇಗ ಹತ್ತುತ್ತಿದ್ರಿ?”

ಆವತ್ತು ಅತ್ತೆಗೆ ಫೋನ್ ಮಾಡುವ ಮೊದಲು ಆಸ್ಪತ್ರೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದೆ. ಫೋನು ಕೈಯಲ್ಲೇ ಇತ್ತು. ಜನ ನನ್ನನ್ನು ದಾಟಿಕೊಂಡು ಹೋಗುತ್ತಿದ್ದರು.

ಆ ದೃಶ್ಯವನ್ನು ಹಿಂದಕ್ಕೆ ತಂದು ಮತ್ತೆ ಹಾಕಿದೆ. ಈ ಸಲ ಅತ್ತೆಗೆ ಹೇಳಿದೆ: ದೀಪದ ಬೆಳಕು ಅವಳಿಗಿಂತ ಮೊದಲು ಮೇಲೆ ಹೋಗುತ್ತದೆ. ಮೊದಲು ಗೋಡೆ ಬೆಳಗುತ್ತದೆ, ಆಮೇಲೆ ಬಾಗಿಲು. ಅವಳಿನ್ನೂ ಕೆಳಗೇ ಇದ್ದಾಳೆ. ಬಾಗಿಲ ಸಂದಿಯಿಂದ ಬೆಳಕು ಒಳಗೆ ಹೋಗಿರಬೇಕು, ಮಾವ ಒಳಗಿನಿಂದ ಕೆಮ್ಮುತ್ತಾನೆ. ಅವನಿಗೆ ಗೊತ್ತಾಯಿತು.

“ಇಷ್ಟು ಸಲ ನೋಡಿದ್ದೀನಿ, ಆ ಬೆಳಕನ್ನ ಗಮನಿಸಿರ್ಲಿಲ್ಲ” ಅಂದರು ಅತ್ತೆ.

ಯಾಕೋ ಹೊಗಳಿಸಿಕೊಂಡ ಹಾಗಾಯಿತು. ನಾನೇನು ಆ ಸಿನಿಮಾ ತೆಗೆದವನೇ?

ಫೆಬ್ರವರಿ ೧೬, ಭಾನುವಾರ

ತಮಾಷೆ ಸಿನಿಮಾ. ಕೆಲಸ ಕೇಳಲು ಹೊರಟವನ ಕೋಟಿನ ತೋಳು ಕಂಕುಳಲ್ಲಿ ಹರಿದಿದೆ. ಅದು ಕಾಣದ ಹಾಗೆ ಕೈಯನ್ನು ಪಕ್ಕೆಗೆ ಅಂಟಿಸಿಕೊಂಡೇ ಬಾಗಿಲು ತೆರೆಯಬೇಕು, ಕೈ ಕುಲುಕಬೇಕು, ಚಹಾ ಕುಡಿಯಬೇಕು. ಸಾಹೇಬ ಅವನಿಗೆ ಎತ್ತರದ ಕಪಾಟಿನಿಂದ ಫೈಲು ತೆಗೆಯಲು ಹೇಳುತ್ತಾನೆ. ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಹೇಳಲು ಹೋದರೆ ನಗು, ನಗು ನಿಲ್ಲಿಸಿದರೆ ಕೆಮ್ಮು.

“ನೀವೊಬ್ರೇ ನಕ್ಕರೆ ಹೇಗ್ರೀ? ನಂಗೂ ಸ್ವಲ್ಪ ಹಂಚಿ!” ಅಂತ ಅತ್ತೆ ಮೇಜು ಕುಟ್ಟಿದರು.

ಪಕ್ಕದ ಮನೆಯ ಕಂಪೌಂಡರ್ ಏನಾಯಿತೋ ಅಂತ ಓಡಿ ಬಂದರು. ಅವರೂ ಕೂತರು.

ಫೆಬ್ರವರಿ ೧೮, ಮಂಗಳವಾರ

ಅತ್ತೆ ನನ್ನ ಕೆಲಸದ ಬಗ್ಗೆ ಕೇಳಿದರು. ಏನಾಗುತ್ತದೆ ಅಂತಲ್ಲ, ಹೇಗೆ ಅಂತ. ಹೇಳಿದೆ. ಯಾವ ಲಿಫ್ಟಿನಲ್ಲಿ ನೋಡಿದರೂ ಬಾಗಿಲು ಮುಚ್ಚುವ ಗುಂಡಿ ಸವೆದು ಅದರ ಗುರುತು ಅಳಿಸಿರುತ್ತದೆ. ಬಾಗಿಲು ತೆರೆದಿಡುವ ಗುಂಡಿ ಮಾತ್ರ ಹೊಸದರ ಹಾಗೆ ಹೊಳೆಯುತ್ತಿರುತ್ತದೆ. ಎಲ್ಲರಿಗೂ ಹೋಗುವ ಅವಸರ, ಬರುವವರಿಗಾಗಿ ಕಾಯುವವರಿಲ್ಲ.

“ಇದನ್ನ ಅವಳಿಗೆ ಹೇಳಿದ್ರಾ ಯಾವತ್ತಾದ್ರೂ?”

ಹೇಳಿರಲಿಲ್ಲ. ಅವಳು ‘ಕೆಲಸ ಹೇಗಿತ್ತು’ ಅಂತ ಕೇಳುತ್ತಿದ್ದಳು. ನಾನು ‘ಆಯ್ತು’ ಅನ್ನುತ್ತಿದ್ದೆ.

ಸಂಜೆ ಕಂಪೌಂಡರನ್ನು ಅತ್ತೆಯ ಹತ್ತಿರ ಬಿಟ್ಟು ಮೀಸೆಯ ಜೊತೆ ಥಿಯೇಟರಿಗೆ ಹೋಗಿದ್ದೆ. ಮೀಸೆ ನನ್ನ ಜೊತೆಗಾರ ಮೆಕ್ಯಾನಿಕ್. ಮೀಸೆ ಬೋಳಿಸಿ ಎಷ್ಟೋ ವರ್ಷವಾದರೂ ಹೆಸರು ಹೋಗಿಲ್ಲ. ಎಲ್ಲರೂ ಹೊಗಳುತ್ತಿರುವ ಹೊಸ ಸಿನಿಮಾ. ಒಂದು ಮುಖದ ಮೇಲೆ ಕಣ್ಣು ಊರುವಷ್ಟರಲ್ಲಿ ಮುಖ ಹೋಗಿ ಕಾರು ಬರುತ್ತದೆ, ಕಾರು ಹೋಗಿ ಬೆಂಕಿ ಬರುತ್ತದೆ. ನಾಯಕನ ಅಣ್ಣ ಗುಂಡು ತಗುಲಿ ಸತ್ತ.

“ಹೇಗೆ ಬಿದ್ದ?” ಅಂತ ಕೇಳಿದೆ.

“ಹೇಗೆ ಅಂದ್ರೆ ಏನೋ? ಬಿದ್ದ, ಸತ್ತ, ಮುಗೀತು” ಅಂದ ಮೀಸೆ.

ಮಧ್ಯಂತರದಲ್ಲಿ ಎದ್ದು ಬಂದೆ. ತಲೆನೋವು. ಎಸಿ ಗಾಳಿ ಆಗಲಿಲ್ಲ ಅಂತ ಕಾಣುತ್ತದೆ.

ಫೆಬ್ರವರಿ ೧೯, ಬುಧವಾರ

ಮೊನ್ನೆ ಕೈಚೀಲ ಹಿಡಿದು ಕೂತಿದ್ದಳಲ್ಲ, ಆ ಸಿನಿಮಾವನ್ನೇ ಅತ್ತೆ ಮತ್ತೆ ಕೇಳಿದರು. ನನಗೂ ಬೇಸರವಾಗಲಿಲ್ಲ. ಅದರಲ್ಲಿ ನಡುವೆ ಒಂದು ದೃಶ್ಯವಿದೆ. ಹೆಂಡತಿ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿರುತ್ತಾಳೆ, ಗಂಡ ಬಾಗಿಲಲ್ಲಿ ನಿಂತು ಏನೋ ಕೇಳುತ್ತಾನೆ, ಅವಳು ಉತ್ತರ ಕೊಡುವುದಿಲ್ಲ. ಬರೀ ನೀರಿನ ಸದ್ದು.

ಅಲ್ಲಿಗೆ ಬರುವಾಗ ಇಂಟರ್‌ನೆಟ್ ಕೈಕೊಟ್ಟಿತು. ಚಿತ್ರ ಗಂಡನ ಭುಜದ ಮೇಲೆ ನಿಂತುಬಿಟ್ಟಿತು, ಸದ್ದು ಮಾತ್ರ ಮುಂದೆ ಹೋಗುತ್ತಿತ್ತು. ಅತ್ತೆಗೆ ಹೇಳಿ ರಸಭಂಗ ಯಾಕೆ ಮಾಡಲಿ ಅಂತ ನೆನಪಿನಿಂದಲೇ ಹೇಳುತ್ತಾ ಹೋದೆ.

“ಅವನ ಕಡೆ ತಿರುಗಲ್ಲ ಅವಳು. ಪಾತ್ರೆ ತೊಳೀತಾ ಇದ್ದಾಳೆ. ಒಂದು ಎಳೆ ಕೂದಲು ಕಣ್ಣ ಮೇಲೆ ಬಿತ್ತು. ಕೈ ಒದ್ದೆ, ಹಾಗಾಗಿ ಮಣಿಕಟ್ಟಿಂದ ಹಿಂದಕ್ಕೆ ತಳ್ತಾಳೆ. ಹೋಗಲ್ಲ ಅದು. ಇನ್ನೊಂದ್ಸಲ ತಳ್ತಾಳೆ. ಆಮೇಲೆ ಕೆಳತುಟಿ ಸೊಟ್ಟ ಮಾಡಿ ಮೇಲಕ್ಕೆ ಉಫ್ ಅಂತ ಊದ್ತಾಳೆ. ಕೂದಲು ಹಾರಿ ಮತ್ತೆ ಅಲ್ಲೇ ಬಂದು ಕೂರತ್ತೆ. ಬಿಟ್ಟುಬಿಡ್ತಾಳೆ.”

ನೀರಿನ ಸದ್ದು ನಿಂತಿತು.

“ಆ ಸೀನಲ್ಲಿ ಅವಳ ತಲೆಗೆ ಬಟ್ಟೆ ಕಟ್ಟಿದೆ” ಅಂದರು ಅತ್ತೆ. “ಒಂದೇ ಒಂದು ಎಳೆ ಕೂದಲು ಆಚೆ ಇಲ್ಲ.”

ನಾನು ರಿಮೋಟನ್ನು ಕೆಳಗಿಟ್ಟೆ.

“ಹಾಗೆ ಊದ್ತಿದ್ದಿದ್ದು ನಮ್ಮ ಹುಡುಗಿ ಕಣೋ” ಅಂದರು.

ಚಿತ್ರ ಮತ್ತೆ ಚಲಿಸತೊಡಗಿತು. ನಿಜ, ತಲೆಗೆ ಬಟ್ಟೆ ಕಟ್ಟಿತ್ತು. ಟಿವಿ ಆರಿಸಿ, ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಅವಳಿಲ್ಲದೆ ನನಗೆ ಬಹಳ ಕಷ್ಟವಾಗಿದೆ. ಇದನ್ನು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ಫೆಬ್ರವರಿ ೨೦, ಗುರುವಾರ

ತಡವಾಗಿ ಬಂದೆ. ಟಿವಿ ಹಾಕಲಿಲ್ಲ. ಅತ್ತೆಯೂ ಕೇಳಲಿಲ್ಲ.

ಫೆಬ್ರವರಿ ೨೧, ಶುಕ್ರವಾರ

ಆಸ್ಪತ್ರೆಗೆ ಹೋಗಿ ಬಂದೆವು. ಪರದೆ ಸರಿಯಾಗಿ ಕೂತಿದೆಯಂತೆ. ಇನ್ನು ತಲೆ ಎತ್ತಬಹುದು, ಬಸ್ಸಿನಲ್ಲಿ ಹೋಗಬಹುದು, ಗುಳ್ಳೆ ತಾನಾಗಿಯೇ ಕರಗುತ್ತದೆ. ಈಗ ಅತ್ತೆಗೆ ಗುಳ್ಳೆಯ ಅಂಚಿನ ಮೇಲಿನಿಂದ ಸ್ವಲ್ಪ ಸ್ವಲ್ಪ ಕಾಣುತ್ತದೆ. ಕೆಳಗೆಲ್ಲ ನೀರು ತುಂಬಿದ ಹಾಗೆ ತುಳುಕುತ್ತದಂತೆ.

ವಾಪಸು ಬರುವಾಗ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಅವರ ಹೆಬ್ಬೆರಳು ಹಿಡಿದು ತೆರೆದಿಡುವ ಗುಂಡಿಯ ಮೇಲೆ ಇಟ್ಟೆ.

“ಇದೇನಾ ಯಾರೂ ಒತ್ತದೇ ಇರೋದು?” ಅಂದರು. ಒತ್ತಿ ನೋಡಿದರು. ಮುಚ್ಚುತ್ತಿದ್ದ ಬಾಗಿಲು ತೆರೆದುಕೊಂಡಿತು. ಮಕ್ಕಳ ಹಾಗೆ ಇನ್ನೆರಡು ಸಲ ಒತ್ತಿದರು.

ಫೆಬ್ರವರಿ ೨೪, ಸೋಮವಾರ

ಭಾವಮೈದನ ಫೋನ್. ಬರುವ ಭಾನುವಾರ ಬರುತ್ತಾನಂತೆ. ಅತ್ತೆ ತಮ್ಮ ಬಟ್ಟೆಗಳನ್ನು ಮಡಿಸಲು ಶುರು ಮಾಡಿದ್ದಾರೆ, ಕೈಯಿಂದ ತಡವಿ ಅಂಚಿಗೆ ಅಂಚು ಹೊಂದಿಸಿ. ಅವಳೂ ಹೀಗೇ ಮಡಿಸುತ್ತಿದ್ದಳು.

ಆವತ್ತಿನ ಬೆಳಗಿನ ಬಗ್ಗೆ ಅವರು ಕೇಳಿದ್ದನ್ನು ಮತ್ತೆ ಕೇಳಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ನಾನಾಗಿಯೇ ಶುರು ಮಾಡುವುದು ಹೇಗೆ?

ಫೆಬ್ರವರಿ ೨೬, ಬುಧವಾರ

ಇವತ್ತೂ ಹೇಳಲಿಲ್ಲ.

ಮಾರ್ಚ್ ೧, ಶನಿವಾರ

ಮಧ್ಯಾಹ್ನ ಮನೆಗೆ ಬಂದಾಗ ಅತ್ತೆಯ ಚೀಲ ಬಾಗಿಲ ಪಕ್ಕದಲ್ಲಿತ್ತು. “ಯಾವ ಸಿನಿಮಾ ಹಾಕ್ಲಿ?” ಅಂದೆ.

“ಇವತ್ತು ಟಿವಿ ಬೇಡ” ಅಂದರು.

ಮೇಜಿನ ಹತ್ತಿರ ಹೋದರು, ಕುರ್ಚಿಯಲ್ಲಿ ಕೂತರು, ಮುಂದಕ್ಕೆ ಬಾಗಿ ಹಲಗೆಯ ತೂತಿನಲ್ಲಿ ಮುಖ ಇಟ್ಟರು. ಡಾಕ್ಟರು ಬೇಡ ಅಂದಾಗಿತ್ತು. ಇನ್ನು ಅದರ ಅಗತ್ಯವಿರಲಿಲ್ಲ.

ನಾನು ದಿನಾ ಕೂರುವ ಜಾಗದಲ್ಲಿ ಕೂತೆ. ಅತ್ತೆಯ ಬೆನ್ನು ನೋಡಿಕೊಂಡು ಶುರು ಮಾಡಿದೆ.

“ವಾರ್ಡಲ್ಲಿ ನೆಲ ಒರೆಸ್ತಿದ್ರು. ಆ ಹೆಂಗಸು ಬಕೆಟ್‌ನ ಕಾಲಲ್ಲಿ ತಳ್ತಾ ಬರ್ತಿದ್ಲು. ಆ ಸದ್ದಿಗೆ ನಂಗೆ ಎಚ್ಚರ ಆಯ್ತು. ಬೆಂಚಿನ ಮೇಲೆ ಮಲಗಿದ್ದೆ. ಇವಳು ಎದ್ದಿದ್ಲು. ನನ್ನೇ ನೋಡ್ತಿದ್ಲು.”

“ಹೇಗೆ?”

“ದಿಂಬಿನ ಮೇಲೆ ಕೆನ್ನೆ ಇಟ್ಕೊಂಡು. ಎಷ್ಟು ಹೊತ್ತಿಂದ ನೋಡ್ತಿದ್ಲೋ. ನರ್ಸ್ ಔಷಧಿ ತನ್ನಿ ಅಂತ ಕರೆದ್ರು. ನಾನು ಗಡಿಬಿಡೀಲಿ ಶರ್ಟ್ ಹಾಕ್ಕೊಂಡೆ. ಹೋಗಿ ತಂದು ಕೊಟ್ಟೆ. ವಾಪಸ್ ಬಂದು ಮಂಚದ ಹತ್ರ ಬಗ್ಗಿದೆ. ಇವಳ ಕಣ್ಣಲ್ಲಿ ನಗು. ಬಾಯಲ್ಲಿ ನಗೋ ಶಕ್ತಿ ಇರ್ಲಿಲ್ಲ. ‘ಗುಂಡಿ’ ಅಂದ್ಲು.”

“ಏನು?”

“ಗುಂಡಿ. ಶರ್ಟಿನ ಗುಂಡಿ ತಪ್ಪಾಗಿ ಹಾಕಿದ್ದೆ. ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ.” ನಾನು ನನ್ನ ಶರ್ಟನ್ನು ನೋಡಿಕೊಂಡೆ. “ಅವಳು ಕೊನೇದಾಗಿ ಆಡಿದ ಮಾತು ಅದೇ ಅತ್ತೆ. ಬಂದವ್ರೆಲ್ಲ ಏನಂದ್ಲು, ಏನಂದ್ಲು ಅಂತ ಕೇಳೋರು. ಗುಂಡಿ ಅಂದ್ಲು ಅಂತ ಹೇಗೆ ಹೇಳ್ಲಿ?”

“ಮುಂದೆ” ಅಂದರು ಅತ್ತೆ.

“ಕೈ ಎತ್ತಿದ್ಲು. ಮೇಲಿಂದ ಎರಡನೇ ಗುಂಡಿ ಹಿಡ್ಕೊಂಡ್ಲು. ಬಹಳ ಹೊತ್ತು ತಗೊಂಡ್ಲು. ತೂತಿಂದ ಆಚೆ ತೆಗೆದ್ಲು. ಸರಿಯಾದ ತೂತಿಗೆ ಹಾಕಕ್ಕೆ ಆಗ್ಲಿಲ್ಲ. ಬೆರಳು ಅಲ್ಲೇ ಇಟ್ಕೊಂಡು ಸುಸ್ತಾದ್ಲು. ಆಮೇಲೆ ಕೈ ಕೆಳಗೆ ಇಟ್ಲು, ಮಿಕ್ಕಿದ್ದು ನೀವೇ ಹಾಕ್ಕೊಳ್ಳಿ ಅನ್ನೋ ಹಾಗೆ. ನಾನು ತಲೆ ಬಗ್ಗಿಸಿ ಎಲ್ಲಾನೂ ಬಿಚ್ಚಿ, ಕೆಳಗಿಂದ ಒಂದೊಂದೇ ಹಾಕ್ಕೊಂಡು ಬಂದೆ. ಅವಳು ಹಿಡ್ಕೊಂಡಿದ್ದ ಎರಡನೇದನ್ನ ಹಾಕಿ ತಲೆ ಎತ್ತಿದೆ.”

ನಿಲ್ಲಿಸಿದೆ. ಅತ್ತೆ ಎರಡೂ ಕೈಯಲ್ಲಿ ಹಲಗೆಯ ಅಂಚು ಹಿಡಿದುಕೊಂಡರು.

“ಆಗಿಹೋಗಿತ್ತು. ಮುಖ ಕಿಟಕಿ ಕಡೆ ಇತ್ತು. ನಾನು ನೋಡ್ಲಿಲ್ಲ ಅತ್ತೆ. ಗುಂಡಿ ನೋಡ್ತಿದ್ದೆ.”

ಹಲಗೆಯ ತೂತಿನ ಕೆಳಗೆ, ನೆಲದ ಮೇಲೆ ಒಂದು ಹನಿ ಬಿತ್ತು. ಕಣ್ಣಿಗೆ ಹಾಕಿದ ಔಷಧ ಅಂದುಕೊಂಡೆ. ಔಷಧ ಹಾಕಿದ್ದು ಬೆಳಗ್ಗೆ. ಇನ್ನೊಂದು ಹನಿ ಬಿತ್ತು.

“ಚಿಕ್ಕವಳಿದ್ದಾಗ ಯಾರಿಗೂ ಗುಂಡಿ ಹಾಕಕ್ಕೆ ಬಿಡ್ತಿರ್ಲಿಲ್ಲ ಅವಳು” ಅಂದರು ಅತ್ತೆ. “ನಾನೇ ಹಾಕ್ಕೋತೀನಿ ಅಂತ ಹಠ. ದಿನಾ ಒಂದು ತಪ್ಪೋದು. ದಿನಾ ನಾನು ಬಿಚ್ಚಿ ಸರಿ ಮಾಡ್ತಿದ್ದೆ.”

ಆಮೇಲೆ ತಲೆ ಎತ್ತದೆಯೇ ಕೈ ಚಾಚಿದರು. ನಾನು ಕುರ್ಚಿ ಬಿಟ್ಟು ನೆಲದ ಮೇಲೆ ಅವರ ಪಕ್ಕದಲ್ಲಿ ಕೂತೆ. ಅವರ ಬೆರಳು ನನ್ನ ಕಾಲರಿನಿಂದ ಕೆಳಗೆ ತಡವುತ್ತಾ ಬಂದು ಎರಡನೇ ಗುಂಡಿಯ ಮೇಲೆ ನಿಂತಿತು.

“ಇದಾ?”

“ಅದೇ.”

ಬಹಳ ಹೊತ್ತು ಹಿಡಿದುಕೊಂಡಿದ್ದರು. ಹೊರಗೆ ಯಾರದೋ ಸ್ಕೂಟರ್ ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು.

“ಇನ್ನೊಂದ್ಸಲ ಹೇಳು” ಅಂದರು. “ನೆಲ ಒರೆಸೋಳಿಂದ ಶುರು ಮಾಡು. ಅವಸರ ಮಾಡ್ಬೇಡ.”

ಹೇಳಿದೆ. ಎರಡನೇ ಸಲ ಹೇಳುವಾಗ ಕಿಟಕಿ ಅರ್ಧ ತೆರೆದಿದ್ದು ನೆನಪಾಯಿತು. ಪರದೆ ಒಂದೇ ಸಮನೆ ಮೇಲೆ ಕೆಳಗೆ ಆಡುತ್ತಿತ್ತು. ಅವಳಿಗೆ ಗಾಳಿ ಬೇಕಾಗಿ ಆ ಕಡೆ ತಿರುಗಿರಬೇಕು. ನಾನು ಇಷ್ಟು ದಿನ, ನನ್ನಿಂದ ಮುಖ ತಿರುಗಿಸಿಕೊಂಡಳು ಅಂದುಕೊಂಡಿದ್ದೆ.

ಮಾರ್ಚ್ ೨, ಭಾನುವಾರ

ಭಾವಮೈದ ಬೆಳಗ್ಗೆಯೇ ಬಂದ. ಚಹಾ ಕುಡಿದ, ಬಸ್ಸಿಗೆ ಹೊತ್ತಾಗುತ್ತದೆ ಅಂತ ಅವಸರ ಮಾಡಿದ. ಹಲಗೆಯನ್ನು ನೋಡಿ, “ಬಾವ, ಇದೇನು ಹೊಸ ಪೀಠೋಪಕರಣ?” ಅಂತ ನಕ್ಕ. ಬಿಚ್ಚಿಡಬೇಕು. ಇವತ್ತು ಬೇಡ.

ನಮ್ಮ ಕಟ್ಟಡದ ಲಿಫ್ಟ್ ಚಿಕ್ಕದು. ಚೀಲಗಳ ಜೊತೆ ಇಬ್ಬರೇ ನಿಲ್ಲಬಹುದು. “ನೀವು ಹೋಗಿ, ನಾನು ಮೆಟ್ಟಿಲಲ್ಲಿ ಬರ್ತೀನಿ” ಅಂದೆ. ಭಾವಮೈದ ಚೀಲಗಳನ್ನು ಕಾಲ ಹತ್ತಿರ ಇಟ್ಟುಕೊಂಡು ಹಿಂದೆ ನಿಂತ. ಅತ್ತೆ ಮುಂದೆ, ನನ್ನ ಕಡೆ ಮುಖ ಮಾಡಿ ನಿಂತರು. ಗುಳ್ಳೆಯ ಅಂಚಿನ ಮೇಲಿನಿಂದ ನೋಡಬೇಕಲ್ಲ, ಗಲ್ಲವನ್ನು ಎದೆಗೆ ತಾಗಿಸಿ ನೋಡುತ್ತಿದ್ದರು. ಇಷ್ಟು ದಿನದಲ್ಲಿ ಅವರು ನನ್ನನ್ನು ಸರಿಯಾಗಿ ನೋಡಿದ್ದು ಇದೇ ಮೊದಲು.

“ಗುಂಡಿ” ಅಂದರು.

ಬಗ್ಗಿ ನೋಡಿಕೊಂಡೆ. ಬೆಳಗಿನ ಗಡಿಬಿಡಿಯಲ್ಲಿ ಎರಡನೆಯದನ್ನು ಮೂರನೆಯದರ ತೂತಿಗೆ ಹಾಕಿದ್ದೆ. ಬಿಚ್ಚಿದೆ. ಮತ್ತೆ ಹಾಕತೊಡಗಿದೆ. ಲಿಫ್ಟಿನ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಆ ಹೊತ್ತು ಮುಗಿದಿತ್ತು. ತಲೆ ಎತ್ತಲು ಭಯವಾಯಿತು. ಕೊನೆಯ ಗುಂಡಿ ಹಾಕಿ ಮುಗಿಸಿಯೂ ಸ್ವಲ್ಪ ಹೊತ್ತು ಅದನ್ನೇ ಹಿಡಿದುಕೊಂಡು ನಿಂತಿದ್ದೆ.

ತಲೆ ಎತ್ತಿದೆ. ಬಾಗಿಲು ತೆರೆದೇ ಇತ್ತು. ಅತ್ತೆ ಹೆಬ್ಬೆರಳಿನಿಂದ ತೆರೆದಿಡುವ ಗುಂಡಿಯನ್ನು ಒತ್ತಿ ಹಿಡಿದು ನಿಂತಿದ್ದರು.

“ಅಮ್ಮಾ, ಬಸ್ಸಿಗೆ ಹೊತ್ತಾಯ್ತು” ಅಂದ ಭಾವಮೈದ.

“ಇರೋ” ಅಂದರು ಅತ್ತೆ, ನನ್ನ ಮೇಲಿನ ಕಣ್ಣು ತೆಗೆಯದೆ. “ನಾನಿನ್ನೂ ನೋಡ್ತಿದ್ದೀನಿ.”